ಓಡಿಹೋದರು ಅನ್ನುವ ಮುಂಚೆ ಲೆಕ್ಕ ನೋಡಿ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರು ಡಿಗ್ರಿ ಮುಗಿಸದೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಹೆಸರು ಕೊಡುವ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಧಾಟಿ ಹಳೆಯದೇ. ಹುಡುಗನಿಗೆ ದುಡ್ಡಿನ ಆಸೆ, ತಾಳ್ಮೆ ಇಲ್ಲ, ಓದಿಗೆ ಎಳ್ಳುನೀರು ಬಿಟ್ಟ, ಬೆಳೆಸಿದ ಕೋಚ್‌ಗೆ ಕೈಕೊಟ್ಟ. ಆ ಆಟವನ್ನು ವರ್ಷಗಳಿಂದ ನೋಡುತ್ತಿರುವ ನನಗೆ ಇಂಥದ್ದು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಕತ್ತರಿ ಹಾಕುವುದಾದರೆ ಹಾಕಿ.

2019ರ ಫೆಬ್ರುವರಿ 20ರ ರಾತ್ರಿ ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ಕಾಲೇಜು ತಂಡಗಳ ನಡುವೆ ನಡೆದ ಪಂದ್ಯ ನೆನಪಿದೆಯಾ? ಬರಾಕ್ ಒಬಾಮಾ ಕೂಡ ಬಂದು ಕೂತಿದ್ದರು. ಟಿಕೆಟ್‌ಗಳು ಕೈಯಿಂದ ಕೈಗೆ ಸಾವಿರಾರು ಡಾಲರ್‌ಗೆ ಹೋಗಿದ್ದವು. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಡ್ಯೂಕ್‌ನ ಝಯಾನ್ ವಿಲಿಯಮ್ಸನ್ ಚೆಂಡು ಹಿಡಿದು ತಿರುಗಲು ಹೋದ, ಎಡಗಾಲು ಜಾರಿತು, ಕಾಲಲ್ಲಿದ್ದ ನೈಕಿ ಶೂ ಹರಿದು ಪಾದ ಹೊರಗೆ ಬಂತು, ಮಂಡಿ ಹಿಡಿದುಕೊಂಡು ಕುಸಿದುಬಿಟ್ಟ. ಆಗ ಅವನಿಗೆ 18 ವರ್ಷ. ಪುಣ್ಯಕ್ಕೆ ದೊಡ್ಡ ಪೆಟ್ಟಲ್ಲ, ಮಾರ್ಚ್‌ನಲ್ಲಿ ವಾಪಸ್ ಬಂದು ಆಡಿದ, ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್ ತಂಡ ಅವನನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು, ಮೊದಲ ವರ್ಷದ ಸಂಬಳವೇ 90 ಲಕ್ಷ ಡಾಲರ್ ದಾಟಿತು. ಆದರೆ ಆ ರಾತ್ರಿ ಮಂಡಿಯ ಲಿಗಮೆಂಟ್ ಹರಿದಿದ್ದರೆ? ಟಿವಿ ಹಕ್ಕಿನ ದುಡ್ಡು ಆಗಲೇ ಬಂದಾಗಿತ್ತು, ಟಿಕೆಟ್ ದುಡ್ಡು ಬಂದಾಗಿತ್ತು, ಕೋಚ್ ಸಂಬಳಕ್ಕೇನೂ ಮೋಸ ಇರಲಿಲ್ಲ. ಹುಡುಗನಿಗೆ ಸಿಗುತ್ತಿದ್ದದ್ದು ಸ್ಕಾಲರ್‌ಶಿಪ್, ಊಟ, ವಸತಿ. ಲಾಭದಲ್ಲಿ ಎಲ್ಲರಿಗೂ ಪಾಲು, ಪೆಟ್ಟು ಮಾತ್ರ ಪೂರ್ತಿ ಅವನದ್ದು.

ಇಂಥವನು ಇನ್ನೊಂದು ವರ್ಷ ಕಾಲೇಜಿನಲ್ಲಿ ಇರಬೇಕಿತ್ತು ಅನ್ನುವವರು, ಆ ವರ್ಷದ ಅಪಾಯವನ್ನು ಯಾರು ಹೊರಬೇಕು ಅಂತ ಯಾವತ್ತೂ ಹೇಳುವುದಿಲ್ಲ.

ಈ ಜಗಳ ಇವತ್ತಿನದಲ್ಲ. ಮೊದಲೆಲ್ಲ ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗುವ ತನಕ ಎನ್‌ಬಿಎ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಅದನ್ನು ಮುರಿದವರು ಸ್ಪೆನ್ಸರ್ ಹೇವುಡ್. ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸುತ್ತಾ ಬೆಳೆದವರು, ದೊಡ್ಡ ಬಡ ಕುಟುಂಬ. 1968ರ ಒಲಿಂಪಿಕ್ಸ್ ಚಿನ್ನ ಗೆದ್ದರು, ಕಾಲೇಜು ಅರ್ಧಕ್ಕೆ ಬಿಟ್ಟು ಆಗಿನ ಎದುರಾಳಿ ಲೀಗ್ ಎಬಿಎ ಸೇರಿದರು, ಅಲ್ಲಿಂದ ಎನ್‌ಬಿಎಯ ಸಿಯಾಟಲ್ ತಂಡಕ್ಕೆ ಬಂದರು. ಲೀಗ್ ತಕರಾರು ತೆಗೆಯಿತು, ಇವರು ಕೋರ್ಟಿಗೆ ಹೋದರು. ಕೇಸು ನಡೆಯುತ್ತಿದ್ದಾಗ ಬೇರೆ ಊರಿನ ಅಂಗಳಗಳಲ್ಲಿ, ಕಾನೂನುಬಾಹಿರ ಆಟಗಾರನೊಬ್ಬ ಅಂಗಳದಲ್ಲಿ ಇದ್ದಾನೆ ಅಂತ ಮೈಕಿನಲ್ಲಿ ಕೂಗಿ ಹೇಳುತ್ತಿದ್ದರಂತೆ, ಅವರೇ ಹೇಳಿಕೊಂಡಿದ್ದಾರೆ. ಇಪ್ಪತ್ತೊಂದರ ಹುಡುಗ, ತುಂಬಿದ ಸಭಾಂಗಣ, ಮೈಕಿನಲ್ಲಿ ಈ ಮಾತು! 1971ರಲ್ಲಿ ಸುಪ್ರೀಂ ಕೋರ್ಟ್ ಇವರ ಪರ ನಿಂತಿತು. ಆಮೇಲೂ ಲೀಗ್ ಸುಮ್ಮನೆ ಬಾಗಿಲು ತೆರೆಯಲಿಲ್ಲ, ಮನೆಯಲ್ಲಿ ಕಷ್ಟ ಇದೆ ಅಂತ ತೋರಿಸಿದವರಿಗೆ ಮಾತ್ರ ಅವಕಾಶ ಅಂದಿತು. ಬಡತನಕ್ಕೆ ಸರ್ಟಿಫಿಕೇಟು ಕೇಳುವ ಆ ನಿಯಮ ಹೋಗಿದ್ದು 1976ರಲ್ಲಿ.

ಆಮೇಲಿನದ್ದು ಹೆಚ್ಚಿನವರಿಗೆ ಗೊತ್ತು. 1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರ ಬಂದ, ಐದನೇ ಆಯ್ಕೆ. ಮರುವರ್ಷ ಕೋಬಿ ಬ್ರಯಂಟ್, ಹದಿಮೂರನೆಯವನು. 2003ರಲ್ಲಿ ಲೆಬ್ರಾನ್ ಜೇಮ್ಸ್, ಮೊದಲನೆಯವನು. 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಸೇರಿ ಮಾಡಿಕೊಂಡ ಒಪ್ಪಂದದಲ್ಲಿ 19 ವರ್ಷ ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷ ಆಗಿರಬೇಕು ಅಂತ ಬಂತು. ಹುಡುಗರು ಮಾಗಲಿ ಅಂತ ಮಾಡಿದ್ದು ಅನ್ನುತ್ತಾರೆ. ನಾನು ನಂಬುವುದಿಲ್ಲ. ಹೈಸ್ಕೂಲು ಜಿಮ್‌ಗಳನ್ನು ಸುತ್ತಿ ಅಂದಾಜಿನ ಮೇಲೆ ಕೋಟಿಗಟ್ಟಲೆ ಸುರಿಯುವುದಕ್ಕಿಂತ, ಒಂದು ವರ್ಷ ಕಾಲೇಜಿನ ಖರ್ಚಿನಲ್ಲಿ ದೊಡ್ಡ ಎದುರಾಳಿಗಳ ಮುಂದೆ ಹುಡುಗನನ್ನು ನೋಡುವುದು ತಂಡಗಳಿಗೆ ಅನುಕೂಲ. ಕೆವಿನ್ ಡ್ಯುರಾಂಟ್, ಡೆರಿಕ್ ರೋಸ್, ಆಂಟನಿ ಡೇವಿಸ್ ಎಲ್ಲ ಒಂದೇ ವರ್ಷ ಕಾಲೇಜಿನಲ್ಲಿದ್ದು ಹೊರಟವರು. ಆ ಒಂದು ವರ್ಷದಲ್ಲಿ ಓದಿದ್ದೆಷ್ಟು ಅಂತ ಕೇಳಬೇಡಿ.

ಹೈಸ್ಕೂಲಿನಿಂದ ಬಂದು ಕೆಟ್ಟವರ ಉದಾಹರಣೆಗೆ ಎಲ್ಲರೂ ಕ್ವಾಮೆ ಬ್ರೌನ್ ಹೆಸರು ಹೇಳುತ್ತಾರೆ. 2001ರ ಮೊದಲ ಆಯ್ಕೆ, ನಿರೀಕ್ಷೆಯ ಮಟ್ಟಕ್ಕೆ ಬರಲೇ ಇಲ್ಲ, ನಿಜ. ಆದರೆ ಆತ ಎನ್‌ಬಿಎಯಲ್ಲಿ 12 ಋತು ಆಡಿದ. 12! ಅದಕ್ಕಿಂತ ಎಷ್ಟೋ ಕಡಿಮೆ ಆಡಿದ, ನಾಲ್ಕು ವರ್ಷ ಕಾಲೇಜು ಮುಗಿಸಿ ಬಂದವರ ಪಟ್ಟಿ ಮಾಡಲು ಹೊರಟರೆ ನಿಮ್ಮ ಪುಟ ಸಾಲದು. ಅವರನ್ನು ನೋಡಿ ಯಾರೂ ಕಾಲೇಜು ಕೆಡಿಸಿತು ಅನ್ನುವುದಿಲ್ಲ, ಅಲ್ವಾ?

ಈಗ ಲೆಕ್ಕಕ್ಕೆ ಬರೋಣ, ನಿಮ್ಮ ಬರಹದಲ್ಲಿ ಇಲ್ಲದೇ ಇದ್ದದ್ದು ಇದೇ. ಡ್ರಾಫ್ಟ್ ಅಂದರೆ ಎರಡು ಸುತ್ತು, ಸುತ್ತಿಗೆ 30, ಒಟ್ಟು 60 ಸ್ಥಾನ. ಅದರಲ್ಲೂ ವಿದೇಶದಿಂದ ಬರುವವರಿಗೆ ಒಂದಿಷ್ಟು ಹೋಗುತ್ತದೆ. ಮೊದಲ ಸುತ್ತಿನಲ್ಲಿ ಹೆಸರು ಬಂದರೆ ಮೊದಲ ಎರಡು ವರ್ಷದ ಸಂಬಳ ಗ್ಯಾರಂಟಿ, ಮೂರು ಮತ್ತು ನಾಲ್ಕನೆಯದು ತಂಡದ ಇಷ್ಟ. ಮೂವತ್ತನೆಯವನಿಗೂ ಈಗ ವರ್ಷಕ್ಕೆ 20 ಲಕ್ಷ ಡಾಲರ್‌ಗಿಂತ ಜಾಸ್ತಿ. ಮೂವತ್ತೊಂದನೆಯವನಿಗೆ ಆ ಗ್ಯಾರಂಟಿ ಇಲ್ಲ, ತಂಡ ಕೊಟ್ಟರೆ ಉಂಟು. ಎರಡನೇ ಸುತ್ತಿನ ಕೊನೆಯವರು, ಆಯ್ಕೆಯೇ ಆಗದವರು ಎನ್‌ಬಿಎ ತಂಡ ಮತ್ತು ಅದರ ಕೆಳಗಿನ ಜಿ ಲೀಗ್ ತಂಡ ಎರಡರಲ್ಲೂ ಆಡುವ ಟು-ವೇ ಒಪ್ಪಂದಕ್ಕೆ ಕಾಯುತ್ತಾರೆ, ಅದು ಸುಮಾರು 6 ಲಕ್ಷ ಡಾಲರ್. ಅದೂ ಸಿಗದವನು ಜಿ ಲೀಗ್‌ನಲ್ಲಿ ಋತುವಿಗೆ 45 ಸಾವಿರ ಡಾಲರ್ ಆಚೀಚೆ ತಗೊಂಡು ಆಡಬೇಕು, ಇಲ್ಲ ಯುರೋಪಿಗೆ ವಿಮಾನ ಹತ್ತಬೇಕು.

ಹಾಗಾಗಿ ಮೊದಲ ಹತ್ತರಲ್ಲಿ ಬರುತ್ತಾನೆ ಅಂತ ತಂಡಗಳಿಗಾಗಿ ಆಟಗಾರರನ್ನು ಅಳೆಯುವ ಸ್ಕೌಟ್‌ಗಳೆಲ್ಲ ಹೇಳುವ ಹುಡುಗ ಕಾಲೇಜಿನಲ್ಲಿ ಉಳಿಯುವುದು ನನ್ನ ಪ್ರಕಾರ ದಡ್ಡತನ. ಸಂಬಳವೊಂದೇ ಕಾರಣವಲ್ಲ. ಎನ್‌ಬಿಎಯಲ್ಲಿ ನಿಜವಾದ ದುಡ್ಡು ಇರುವುದು ಎರಡನೇ ಒಪ್ಪಂದದಲ್ಲಿ. ಮೊದಲ ನಾಲ್ಕು ವರ್ಷ ನಿಗದಿತ ಸಂಬಳ, ಅದು ಮುಗಿದ ಮೇಲೆ ಬೆಲೆ ಮಾತಾಡುವ ಹಕ್ಕು. ಹತ್ತೊಂಬತ್ತಕ್ಕೆ ಹೋದವನು ಆ ಮೇಜಿಗೆ ಬರುವುದು ಇಪ್ಪತ್ತಮೂರಕ್ಕೆ, ಇಪ್ಪತ್ತೆರಡಕ್ಕೆ ಹೋದವನು ಇಪ್ಪತ್ತಾರಕ್ಕೆ. ಹಾರಿ ಕೆಳಗಿಳಿದು ಹಾರಿ ಕೆಳಗಿಳಿದು ಮಂಡಿ ಸವೆಯುವ ಆಟದಲ್ಲಿ ಮೂರು ವರ್ಷ ಅಂದರೆ ಸಣ್ಣದಲ್ಲ.

ಗ್ರೆಗ್ ಓಡನ್ ನೆನಪಿರಬೇಕು. ಓಹಾಯೊ ಸ್ಟೇಟ್‌ನಲ್ಲಿ ಒಂದು ವರ್ಷ ಆಡಿ 2007ರಲ್ಲಿ ಡ್ಯುರಾಂಟ್‌ಗಿಂತ ಮೇಲೆ, ಮೊದಲ ಆಯ್ಕೆಯಾದ. ಮಂಡಿ ಶಸ್ತ್ರಚಿಕಿತ್ಸೆಯಾಗಿ ಮೊದಲ ಋತು ಪೂರ್ತಿ ಹೋಯಿತು, ಕೊನೆಗೆ ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 105 ಪಂದ್ಯ. ಅಯ್ಯೋ ಪಾಪ ಅನ್ನಿಸುತ್ತದೆ. ಆದರೆ ಅದೇ ಮಂಡಿ ಕಾಲೇಜಿನ ಎರಡನೇ ವರ್ಷದಲ್ಲಿ ಕೈಕೊಟ್ಟಿದ್ದರೆ ಆ ಗ್ಯಾರಂಟಿ ಹಣವೂ ಇರುತ್ತಿರಲಿಲ್ಲ. ಜ್ಯಾರೆಡ್ ಸಲ್ಲಿಂಜರ್ ಅಂತ ಇನ್ನೊಬ್ಬ, ಅದೇ ಓಹಾಯೊ ಸ್ಟೇಟ್. ಮೊದಲ ವರ್ಷ ಮುಗಿದಾಗ ಮೇಲಿನ ಸ್ಥಾನಗಳಲ್ಲೇ ಹೋಗುತ್ತಾನೆ ಅನ್ನುತ್ತಿದ್ದರು, ಉಳಿದುಕೊಂಡ. 2012ರ ಡ್ರಾಫ್ಟ್ ಹೊತ್ತಿಗೆ ಬೆನ್ನಿನ ತೊಂದರೆಯ ಸುದ್ದಿ ಹರಡಿ 21ನೇ ಆಯ್ಕೆಗೆ ಇಳಿದ. ಎದುರು ಉದಾಹರಣೆಯೂ ಇದೆ, ಮುಚ್ಚಿಡುವುದಿಲ್ಲ. ಸಿನ್ಸಿನಾಟಿಯ ಕೆನ್ಯನ್ ಮಾರ್ಟಿನ್ ಕೊನೆಯ ವರ್ಷಕ್ಕೂ ಉಳಿದ, 2000ದ ಮಾರ್ಚ್‌ನಲ್ಲಿ ಕಾಲು ಮುರಿದುಕೊಂಡ, ಆದರೂ ಮೂರು ತಿಂಗಳಲ್ಲಿ ಮೊದಲ ಆಯ್ಕೆಯಾದ. ಅಂಥ ಅದೃಷ್ಟ ಎಷ್ಟು ಜನಕ್ಕಿರುತ್ತದೆ?

ಹಾಗಂತ ಹೊರಟವರೆಲ್ಲ ಸರಿ ಅನ್ನುತ್ತಿಲ್ಲ. 2021ರಲ್ಲಿ ಅವಧಿಗೆ ಮುಂಚೆ ಹೆಸರು ಕೊಟ್ಟವರು, ವಿದೇಶಿಯರೂ ಸೇರಿ, 353 ಜನ. ಸ್ಥಾನ 60! ಬಹಳಷ್ಟು ಜನ ಗಡುವಿನೊಳಗೆ ಹೆಸರು ವಾಪಸ್ ತಗೊಂಡರು ಅನ್ನಿ, ಆದರೂ ಆ ಪಟ್ಟಿ ನೋಡಿದರೆ ಯಾರು ಕಿವಿ ಕಚ್ಚಿದರಪ್ಪಾ ಇವರಿಗೆ ಅನ್ನಿಸುತ್ತದೆ. ಮನೆಯವರು, ಗೆಳೆಯರು, ಆಗ ತಾನೇ ಪರಿಚಯವಾದ ಏಜೆಂಟು, ಎಲ್ಲರೂ ನೀನು ಮೊದಲ ಸುತ್ತೇ ಅಂತ ಉಬ್ಬಿಸುತ್ತಾರೆ. ಕಾಲೇಜಿನಲ್ಲಿ ಎಷ್ಟೇ ಹೆಸರು ಮಾಡಿದರೂ ಎನ್‌ಬಿಎ ತಂಡ ಅಳೆಯುವ ಕೋಲೇ ಬೇರೆ. ಕೆಂಟಕಿಯ ಆಸ್ಕರ್ ಶೀಬ್ವೆ 2022ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರ, 2023ರ ಡ್ರಾಫ್ಟ್‌ನಲ್ಲಿ ಅವನ ಹೆಸರೇ ಬರಲಿಲ್ಲ.

ಇದಕ್ಕೆ ಒಂದಿಷ್ಟು ಮದ್ದು ಸಿಕ್ಕಿದ್ದು 2016ರಲ್ಲಿ. ಹೆಸರು ಕೊಟ್ಟು, ಚಿಕಾಗೋದಲ್ಲಿ ಮೇ ತಿಂಗಳಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರಕ್ಕೆ ಕರೆ ಬಂದರೆ ಹೋಗಿ, ಎತ್ತರ ತೋಳು ಜಿಗಿತ ಎಲ್ಲ ಅಳೆಸಿಕೊಂಡು, ತಂಡಗಳ ಬಾಯಿಂದಲೇ ತನ್ನ ಬೆಲೆ ಕೇಳಿಕೊಂಡು, ಕಂಬೈನ್ ಮುಗಿದ 10 ದಿನದೊಳಗೆ ಬೇಡ ಅನ್ನಿಸಿದರೆ ಕಾಲೇಜಿಗೆ ವಾಪಸ್ ಬರಬಹುದು ಅಂತ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ ಬದಲಿಸಿತು. ಪರ್ಡ್ಯೂನ ಝಾಕ್ ಈಡಿ ಹೀಗೇ ಮಾಡಿದ. 2023ರಲ್ಲಿ ಹೆಸರು ಕೊಟ್ಟ, ವಾಪಸ್ ತಗೊಂಡ, ಮರುವರ್ಷ ತಂಡವನ್ನು ಫೈನಲ್‌ವರೆಗೆ ಒಯ್ದ, ಒಂಬತ್ತನೇ ಆಯ್ಕೆಯಾದ. ಕೇಳಿ ತಿಳಿದುಕೊಂಡು ಉಳಿದ, ಸರಿಯಾಗೇ ಉಳಿದ. ಇಂಥವನನ್ನು ನಿಷ್ಠಾವಂತ ಅಂತ ಹೊಗಳುವ ಜನ, ಅದೇ ಲೆಕ್ಕ ಹಾಕಿ ಹೊರಟವನನ್ನು ದುರಾಸೆಯವನು ಅನ್ನುತ್ತಾರೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಓದಿನ ವಿಷಯ. ಡಿಗ್ರಿ ಎಲ್ಲೂ ಓಡಿಹೋಗುವುದಿಲ್ಲ. ಮೈಕಲ್ ಜೋರ್ಡಾನ್ 1984ರಲ್ಲಿ ಮೂರನೇ ವರ್ಷಕ್ಕೇ ನಾರ್ತ್ ಕೆರೊಲಿನಾ ಬಿಟ್ಟ, 1986ರಲ್ಲಿ ಭೂಗೋಳದ ಡಿಗ್ರಿ ಮುಗಿಸಿದ. ಶಕೀಲ್ ಓನೀಲ್ 1992ರಲ್ಲಿ ಬಿಟ್ಟ, 2000ದಲ್ಲಿ ಮುಗಿಸಿದ. ವಿನ್ಸ್ ಕಾರ್ಟರ್ ಕಥೆ ಇನ್ನೂ ಮಜಾ. 2001ರ ಮೇ ತಿಂಗಳು, ಅವನ ಟೊರಾಂಟೊ ತಂಡಕ್ಕೆ ಫಿಲಡೆಲ್ಫಿಯಾ ಎದುರು ಸರಣಿಯ ಏಳನೇ, ಕೊನೆಯ ಪಂದ್ಯ, ಸೋತರೆ ಮನೆಗೆ. ಅದೇ ದಿನ ಬೆಳಗ್ಗೆ ಆಸಾಮಿ ತನ್ನ ನಾರ್ತ್ ಕೆರೊಲಿನಾ ಕಾಲೇಜಿನ ಊರು ಚಾಪೆಲ್ ಹಿಲ್‌ಗೆ ಹಾರಿ ಘಟಿಕೋತ್ಸವದಲ್ಲಿ ಕೂತು ಮಧ್ಯಾಹ್ನದ ಹೊತ್ತಿಗೆ ಫಿಲಡೆಲ್ಫಿಯಾಗೆ ಬಂದ. ಕೊನೆಯ ಎಸೆತ ಅವನ ಕೈಯಲ್ಲೇ ಇತ್ತು, ಬೀಳಲಿಲ್ಲ, ಟೊರಾಂಟೊ ಒಂದು ಅಂಕದಿಂದ ಸೋತಿತು. ಡಿಗ್ರಿ ಮುಗಿಸದೆ ಹೋದರೆ ಬೈಯುವ ಜನ ಅವತ್ತು ಅವನನ್ನು ಬೈದದ್ದು ಘಟಿಕೋತ್ಸವಕ್ಕೆ ಹೋಗಿದ್ದಕ್ಕೆ! ಜೇಲನ್ ಬ್ರನ್ಸನ್ ಅಂತೂ ಮೂರೇ ವರ್ಷದಲ್ಲಿ ವಿಲನೋವಾದಲ್ಲಿ ಡಿಗ್ರಿ ಮುಗಿಸಿಕೊಂಡೇ ಹೊರಟ. ಟಿಮ್ ಡಂಕನ್ ಅಮ್ಮನಿಗೆ ಕೊಟ್ಟ ಮಾತಿಗಾಗಿ ನಾಲ್ಕೂ ವರ್ಷ ಇದ್ದ. ಅದು ಅವನ ಮನೆಯ ವಿಷಯ, ಬೇರೆಯವರ ಮೇಲೆ ಹೇರುವ ನಿಯಮವಲ್ಲ.

ಇನ್ನು ದುರಾಸೆಯ ಮಾತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು, ಎಲ್ಲ ಕ್ರೀಡೆಗಳೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಆದದ್ದೇನು? ಅವಧಿಗೆ ಮುಂಚೆ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 2025ರಲ್ಲಿ 106 ಜನ. 2021 ಕೋವಿಡ್ ಗೊಂದಲದ ವರ್ಷ, ಆ ಅಂಕಿ ಸ್ವಲ್ಪ ಉಬ್ಬಿದ್ದು ಅಂದುಕೊಂಡರೂ 353 ಎಲ್ಲಿ, 106 ಎಲ್ಲಿ! ಜಿ ಲೀಗ್‌ನ 45 ಸಾವಿರಕ್ಕೆ ಹೋಗಬೇಕಿದ್ದ ಹುಡುಗ ಅದಕ್ಕಿಂತ ಎಷ್ಟೋ ಜಾಸ್ತಿ ದುಡ್ಡಿಗೆ ಕ್ಲಾಸಿನಲ್ಲೇ ಕೂತಿದ್ದಾನೆ. ಹುಡುಗರ ಗುಣವೇನೂ ನಾಲ್ಕು ವರ್ಷದಲ್ಲಿ ಬದಲಾಗಲಿಲ್ಲ. ದುಡಿಸಿಕೊಂಡವರು ಕೂಲಿ ಕೊಡಲು ಶುರು ಮಾಡಿದರು, ಅಷ್ಟೇ. ಮೇಲಿನ ಸ್ಥಾನದವರು ಈಗಲೂ ಹೊರಡುತ್ತಾರೆ. ಡ್ಯೂಕ್‌ನ ಕೂಪರ್ ಫ್ಲ್ಯಾಗ್ ಒಂದೇ ವರ್ಷ ಆಡಿ 2025ರಲ್ಲಿ ಡಾಲಸ್‌ಗೆ ಮೊದಲ ಆಯ್ಕೆಯಾಗಿ ಹೋದ, ಹೋಗಲೇಬೇಕಿತ್ತು.

ಇದರಿಂದ ಹೊಸ ತಲೆನೋವೂ ಬಂದಿದೆ. ವರ್ಷಕ್ಕೊಂದು ಕಾಲೇಜು ಬದಲಿಸುವವರು, ಇಪ್ಪತ್ತಮೂರಾದರೂ ಬಿಡದವರು, ಇವರ ನಡುವೆ ಹೈಸ್ಕೂಲಿನಿಂದ ಬಂದ ಹುಡುಗನಿಗೆ ಬೆಂಚೇ ಗತಿ. ಅದಕ್ಕೆ ಬೇರೆಯೇ ಪತ್ರ ಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ಮೇ-ಜೂನ್‌ನಲ್ಲಿ ಇಂಥವನು ಕಾಲೇಜು ಬಿಟ್ಟ ಅಂತ ಎರಡು ಸಾಲಿನ ಸುದ್ದಿ ಹಾಕುತ್ತೀರಿ. ಅದರ ಜೊತೆಗೆ ಅವನು ಯಾವ ಸುತ್ತಿನಲ್ಲಿ ಬರುವ ಅಂದಾಜಿದೆ, ಹೆಸರು ವಾಪಸ್ ತಗೊಳ್ಳಲು ಕೊನೇ ದಿನ ಯಾವುದು, ಇಷ್ಟನ್ನಾದರೂ ಸೇರಿಸಿ. ಸುಮ್ನೆ ದುರಾಸೆ ಅಂತ ಹಣೆಪಟ್ಟಿ ಹಚ್ಚಲು ಬೇಕಾಗುವ ಜಾಗದಲ್ಲೇ ಅದೂ ಹಿಡಿಯುತ್ತದೆ.

ಇಂತಿ,
ನಿಮ್ಮ ಕ್ರೀಡಾ ಪುಟವನ್ನೇ ಮೊದಲು ತೆರೆಯುವ ಓದುಗ