ಕಾಣಿಕೆಯ ಲೆಕ್ಕ ಕೇಳುವುದು ತಪ್ಪಲ್ಲ

ಮಾನ್ಯರೇ,

ಲೆಕ್ಕ ಕೇಳಿದರೆ ಧರ್ಮಗುರುಗಳನ್ನೇ ಅನುಮಾನಿಸಿದಂತೆ ಎಂದು ನಮ್ಮ ಚರ್ಚುಗಳಲ್ಲಿ ತುಂಬಾ ಜನ ಸುಮ್ಮನಿರುತ್ತಾರೆ. ಆದರೆ ಪ್ರತಿ ಧರ್ಮಕೇಂದ್ರಕ್ಕೂ, ಅಂದರೆ ಸ್ಥಳೀಯ ಚರ್ಚ್ ಸಮುದಾಯಕ್ಕೂ, ಹಣಕಾಸು ಸಮಿತಿ ಇರಲೇಬೇಕು ಎಂದು ಕಥೋಲಿಕ ಧರ್ಮಸಭೆಯ 1983ರ ಕಾನೂನೇ ಹೇಳುತ್ತದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕು ಎನ್ನುವುದು ಅದರ 1287ನೇ ವಿಧಿ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣ ಅದಕ್ಕೇ ಖರ್ಚಾಗಬೇಕು ಎಂದೂ ಇದೆ.

ಚರ್ಚಿನ ಛಾವಣಿ ರಿಪೇರಿ ಎಂದರೆ ಕೂಲಿ ಮಾಡುವವರೂ ಕೈಬಿಚ್ಚಿ ಕೊಡುತ್ತಾರೆ. ವರ್ಷದ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಒಂದೇ ಹಾಳೆ. ಅದರಲ್ಲಿ ‘ಇತರೆ ಖರ್ಚು’ ಎಂಬ ಸಾಲಿನದ್ದೇ ಜಾಸ್ತಿ ಮೊತ್ತ! ಅದೇನೆಂದು ಬಿಡಿಸಿ ಹೇಳಬೇಕಲ್ವಾ? ರಿಪೇರಿಗೆ ಬಂದದ್ದೆಷ್ಟು, ಹೆಂಚಿಗೆ ಹೋದದ್ದೆಷ್ಟು ಎಂದು ಭಾನುವಾರದ ಪೂಜೆಯ ಬಳಿಕ ಓದಿ ಹೇಳಲಿ. ಕಾಣಿಕೆ ಡಬ್ಬಿಯನ್ನೂ ಸಮಿತಿಯವರ ಎದುರೇ ಎಣಿಸಲಿ.

– ಧರ್ಮಕೇಂದ್ರದ ಸದಸ್ಯೆ, ಮಂಗಳೂರು