ಬಾಕ್ಸಿಂಗ್ ಪಾಠ ಕಾಲಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್, ಟೋಕಿಯೊದಲ್ಲಿ ಲವ್ಲೀನಾ ಬೊರ್ಗೊಹೈನ್ ಕಂಚು ಗೆದ್ದದ್ದನ್ನು ನೋಡಿ ಬೆಳೆದ ಹೆಣ್ಣುಮಕ್ಕಳು ಇಂದು ನಮ್ಮ ಊರುಗಳಲ್ಲೂ ಬಾಕ್ಸಿಂಗ್ ಕಲಿಯಲು ಮುಂದೆ ಬರುತ್ತಿರುವುದು ಸಂತೋಷದ ವಿಷಯ. ಆದರೆ ಮೊದಲ ದಿನವೇ ಕೈಗೆ ಗ್ಲೌಸ್ ತೊಡಿಸಿ ಮಕ್ಕಳನ್ನು ಪಂಚಿಂಗ್ ಬ್ಯಾಗ್ ಮುಂದೆ ನಿಲ್ಲಿಸುವ ರೂಢಿಯ ಬಗ್ಗೆ, ಕಾಲೇಜು ದಿನಗಳಲ್ಲಿ ರಿಂಗ್‌ಗೆ ಇಳಿದಿದ್ದ ನನಗೆ ಕಳವಳವಿದೆ.

ನನ್ನ ತಂಗಿಯ ಹದಿಮೂರು ವರ್ಷದ ಮಗಳು ಎರಡು ತಿಂಗಳ ತರಬೇತಿಯ ನಂತರ ಬಲಗೈ ಮಣಿಕಟ್ಟು ಊದಿಸಿಕೊಂಡು ಬಂದಳು. ಊತ ಇಳಿದ ಮೇಲೆ, ಹೇಗೆ ಹೊಡೆಯುತ್ತೀ ತೋರಿಸು ಎಂದೆ. ಹೊಡೆಯುವಾಗ ಅವಳ ಬಲ ಹಿಮ್ಮಡಿ ನೆಲಕ್ಕೆ ಅಂಟಿಕೊಂಡೇ ಇತ್ತು. ಮೊಣಕೈ ಹೊರಕ್ಕೆ ಚಾಚಿ ಬರಿಯ ಭುಜದಿಂದ ಬೀಸಿದಳು. ಮುಷ್ಟಿ ತಲುಪುವ ಹೊತ್ತಿಗೆ ಮಣಿಕಟ್ಟು ಒಳಕ್ಕೆ ಮಡಿಸಿತ್ತು, ಗಲ್ಲ ಕಾಯಬೇಕಾದ ಎಡಗೈ ಎದೆಗೆ ಇಳಿದಿತ್ತು. ಇದರಲ್ಲಿ ಒಂದನ್ನೂ ಯಾರೂ ತಿದ್ದಿರಲಿಲ್ಲ.

ಒಗೆಯುವ ಕಲ್ಲಿನ ಮೇಲೆ ನೆನೆದ ಜಮಖಾನ ಎತ್ತಿ ಬಡಿಯುವವರನ್ನು ನೋಡಿದವರಿಗೆ ಬಲ ಎಲ್ಲಿಂದ ಹುಟ್ಟುತ್ತದೆಂದು ಹೇಳಿಕೊಡಬೇಕಿಲ್ಲ. ಬಾಕ್ಸಿಂಗ್‌ನಲ್ಲೂ ಅಷ್ಟೆ. ಎಡಗಾಲು ಮುಂದಿಟ್ಟು ನಿಂತವರು ಬಲಗೈಯಿಂದ ನೇರ ಪಂಚ್ ಹೊಡೆಯುವಾಗ ಹಿಂಗಾಲಿನ ಮುಂಭಾಗ ನೆಲವನ್ನು ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗಿದಂತೆ ಸೊಂಟ ತಿರುಗುತ್ತದೆ, ಸೊಂಟದ ಬೆನ್ನಿಗೇ ಭುಜ ಬರುತ್ತದೆ. ತೋಳು ಆ ಬಲವನ್ನು ಮುಷ್ಟಿಗೆ ಸಾಗಿಸುವ ದಾರಿ ಮಾತ್ರ. ತಗಲುವ ಕ್ಷಣದವರೆಗೂ ತೋಳು ಸಡಿಲವಾಗಿದ್ದು, ಆಗಷ್ಟೇ ಉಸಿರು ಬಿಟ್ಟು ಮುಷ್ಟಿ ಬಿಗಿಯಬೇಕು. ಮಣಿಕಟ್ಟು ನೆಟ್ಟಗಿದ್ದು, ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು ಮೊದಲು ತಗಲಬೇಕು. ಕಿರುಬೆರಳಿನ ಕಡೆಯಿಂದ ಹೊಡೆದರೆ ಅಲ್ಲಿಯ ತೆಳುವಾದ ಮೂಳೆ ಮುರಿಯುವ ಅಪಾಯವಿದೆ.

ತಪ್ಪಿಸಿಕೊಳ್ಳುವ ಕಲೆಯನ್ನು ಬೇರೆ ಪಾಠವೆಂದು ಕೊನೆಗೆ ದೂಡುವುದು ನನಗೆ ಇನ್ನೂ ದೊಡ್ಡ ತಪ್ಪಾಗಿ ಕಾಣುತ್ತದೆ. ಎದುರಾಳಿಯ ಎಡಗೈ ಜ್ಯಾಬ್ (ಮುಂದಿರುವ ಕೈಯಿಂದ ಹೊಡೆಯುವ ಚುರುಕಾದ ನೇರ ಪಂಚ್) ಬಂದಾಗ ಮಂಡಿ ಬಗ್ಗಿಸಿ, ಭುಜ ತಿರುಗಿಸಿ, ತಲೆಯನ್ನು ಬಲಕ್ಕೆ ಮೂರು ನಾಲ್ಕು ಇಂಚು ಸರಿಸಿದರೆ ಸಾಕು. ಆಗ ದೇಹದ ಭಾರ ಬಲಗಾಲಿಗೆ ಬಂದು ಮುಂದಿನ ಪಂಚ್ ತಾನಾಗಿ ಸಿದ್ಧವಾಗುತ್ತದೆ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ, ಮುಹಮ್ಮದ್ ಅಲಿಗಿಂತ ಮೂರು ಇಂಚಿಗೂ ಹೆಚ್ಚು ಕುಳ್ಳಾಗಿದ್ದ ಜೋ ಫ್ರೇಜಿಯರ್ ಹೀಗೆಯೇ ತಗ್ಗಿ ತೂಗಿ ಅಲಿಯ ಉದ್ದ ತೋಳುಗಳ ಒಳಕ್ಕೆ ನುಗ್ಗುತ್ತಾ ಬಂದು, 15ನೇ ಸುತ್ತಿನಲ್ಲಿ ಎಡಗೈ ಹುಕ್‌ನಿಂದ (ಮೊಣಕೈ ಮಡಿಸಿ ಪಕ್ಕದಿಂದ ಬೀಸುವ ಪಂಚ್) ಅವರನ್ನು ನೆಲಕ್ಕೆ ಕೆಡವಿದ್ದರು. ತಗ್ಗುವಾಗ ಕಾಲಿನಲ್ಲಿ ಕೂಡಿದ ಭಾರವೇ ಅವರ ಹುಕ್‌ಗೆ ಬಲವಾಗಿತ್ತು.

ಹೆಡ್‌ಗಾರ್ಡ್ ಇದೆಯಲ್ಲ ಎನ್ನುವ ಪೋಷಕರಿಗೆ ಒಂದು ಮಾತು: ಅದು ಚರ್ಮ ಸೀಳುವುದನ್ನು ತಡೆದೀತೇ ಹೊರತು, ಪೆಟ್ಟಿಗೆ ತಲೆ ಗಿರ್ರನೆ ತಿರುಗಿದಾಗ ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಪೆಟ್ಟಿನ ದಾರಿಯಲ್ಲಿ ತಲೆ ಇಲ್ಲದಂತೆ ನೋಡಿಕೊಳ್ಳುವುದೇ ಮಕ್ಕಳಿಗಿರುವ ನಿಜವಾದ ರಕ್ಷಣೆ.

ಆದ್ದರಿಂದ ಮೊದಲ ತಿಂಗಳು ಬ್ಯಾಗ್ ಮುಟ್ಟಿಸದೆ ನಿಲುವು, ಹೆಜ್ಜೆ, ತಗ್ಗುವಿಕೆಗಳನ್ನಷ್ಟೇ ಕಲಿಸಬೇಕೆಂದು ತರಬೇತುದಾರರಲ್ಲಿ ಕೋರುತ್ತೇನೆ. ಪೋಷಕರೂ ತರಗತಿಯಲ್ಲಿ ಒಂದು ಗಂಟೆ ಕುಳಿತು, ಮಕ್ಕಳ ಕೈ ಬಿಟ್ಟು ಕಾಲು ನೋಡಬೇಕು. ನಾವು ಹಿತ್ತಲಲ್ಲಿ ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿದ್ದೇವೆ. ಹುಡುಗಿ ದಿನವೂ ಸಂಜೆ ಅದರ ಕೆಳಗೆ ಎಡಕ್ಕೂ ಬಲಕ್ಕೂ ತಗ್ಗಿ ಏಳುತ್ತಾ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾಳೆ. ಮೂರು ವಾರವಾಯಿತು, ಈಗ ಗಾಳಿಯಲ್ಲಿ ಬಲಗೈ ಬೀಸಿದರೆ ಅವಳ ಹಿಮ್ಮಡಿ ತಾನಾಗಿಯೇ ತಿರುಗುತ್ತಿದೆ.

ಇಂತಿ,
ಓರ್ವ ಓದುಗ, ದಾವಣಗೆರೆ