ಪ್ರೂಫ್ ರಾಯರ ಸನ್ನಿಧಾನಕ್ಕೆ

ಪ್ರಿಯ ಪ್ರೂಫ್ ರಾಯ,

ಇದನ್ನ ನಾಲ್ಕು ಜನರ ಎದುರಿಗೇ ಹಾಕ್ತಾ ಇದ್ದೀನಿ. ಖಾಸಗಿಯಾಗಿ ಎಷ್ಟುದ್ದ ಬರೆದರೂ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ಇಲ್ಲಿ ಹಾಗೆ ಮಾಡಿದರೆ ಊರೆಲ್ಲ ನೋಡತ್ತೆ. ಹೆದರಬೇಡ, ವೀರಭದ್ರ ಪ್ರಸನ್ನದ ಸುದ್ದಿ ಎತ್ತೋದಿಲ್ಲ. ಸಾಗರದ ಗಣಪತಿ ಕೆರೆ ಏರಿ ಮೇಲೆ ಹಾಕಿದ ಆಣೆ ಇನ್ನೂ ಊರ್ಜಿತದಲ್ಲಿದೆ.

ವಿಷಯ ಒಂದು ವಿಸಿಟಿಂಗ್ ಕಾರ್ಡಿನದು. ನಾನೇ ಡಿಸೈನ್ ಮಾಡಿ, ಇಲ್ಲೇ ಬೆಂಗಳೂರಲ್ಲಿ ಲೆಟರ್‌ಪ್ರೆಸ್‌ನಲ್ಲಿ (ಎದ್ದು ನಿಂತ ಅಕ್ಷರಕ್ಕೆ ಇಂಕು ಹಚ್ಚಿ ಕಾಗದಕ್ಕೆ ಒತ್ತೋ ಹಳೇ ವಿಧಾನ) ಅಚ್ಚು ಹಾಕಿಸಿದ್ದು. ಹತ್ತಿಯ ದಪ್ಪ ಕಾಗದ, 600 ಜಿಎಸ್‌ಎಂ. ಅಕ್ಷರಗಳು ಎಷ್ಟು ಆಳಕ್ಕೆ ಇಳಿದಿವೆ ಅಂದರೆ ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಓದಬಹುದು. ಗಿರಾಕಿ ಸವರಿ ಸವರಿ ಖುಷಿಪಟ್ಟರು. ಊರಲ್ಲಿ ಅಚ್ಚಿನ ಕೆಲಸ ಮಾಡ್ತಿದ್ದ ನಿಮ್ಮ ಅಪ್ಪಯ್ಯ ನೋಡಿದ್ದರೆ ಮೆಷಿನ್ ನಿಲ್ಲಿಸಿ, ಕನ್ನಡಕ ತೆಗೆದು, ‘ಇದನ್ನ ಒತ್ತಿದ್ದು ಯಾರು’ ಅಂತ ಕೇಳ್ತಿದ್ದರು.

ನೆನಪಿದೆಯಲ್ಲ, ಅವರು ತಮ್ಮ ಅಚ್ಚಿನ ಮೆಷಿನ್ನು, ಆ ಟ್ರೆಡಲ್‌ನಿಂದ ತೆಗೆದ ಮೊದಲ ಪ್ರೂಫನ್ನ, ಅಂದರೆ ಪರೀಕ್ಷೆಯ ಪ್ರತಿಯನ್ನ, ಓದ್ತಾನೇ ಇರಲಿಲ್ಲ. ಹಾಳೆ ಮಗುಚಿ ಬೆನ್ನ ಮೇಲೆ ಬೆರಳಾಡಿಸೋರು. ಎಲ್ಲೋ ಒಂದು ಕಡೆ ಉಬ್ಬು ಸಿಕ್ಕಿತೋ, ಹಾಳೆಯ ಅಡಿಗೆ ಹಾಕಿದ ಪ್ಯಾಕಿಂಗ್‌ನಿಂದ ಒಂದು ತೆಳು ಕಾಗದ ತೆಗೆಯೋದು, ಮತ್ತೊಂದು ಪ್ರೂಫು, ಮತ್ತೆ ಬೆನ್ನು ಸವರೋದು. ‘ಇಂಕು ಕಾಗದಕ್ಕೆ ತಾಗಬೇಕು, ಮೊಳೆ ತಾಗಬಾರದು’ ಅನ್ನೋರು. ಮೊಳೆ ಅಂದರೆ ಲೋಹದ ಅಚ್ಚಕ್ಷರ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಎಷ್ಟೇ ಗಟ್ಟಿ ಮಾಡಿದ್ದರೂ ಜೋರಾಗಿ ಒತ್ತಿದಷ್ಟೂ ಮೊಳೆ ಸವೆಯತ್ತೆ. ಪುಸ್ತಕದ ಪುಟಗಳಾದರೆ ಹಾಳೆಯ ಇನ್ನೊಂದು ಮಗ್ಗುಲೂ ಅಚ್ಚಿಗೆ ಹೋಗಬೇಕು, ಅಲ್ಲಿ ಈ ಕಡೆಯ ಉಬ್ಬು ಬಂದು ಕೂತರೆ ಓದೋನಿಗೆ ಕಿರಿಕಿರಿ. ಹೀಗೆ, ಕಾಗದದ ಮೇಲೆ ಒತ್ತಡದ ಗುರುತೇ ಕಾಣದ ಹಾಗೆ ಒತ್ತೋದೇ ಆ ಕಾಲದ ಒಳ್ಳೇ ಮುದ್ರಕರ ಕಸುಬು.

ಈಗ ಆ ಗುರುತಿಗೇ ನಾವು ಬಿಲ್ ಮಾಡೋದು. ಮೊಳೆಯ ಚಿಂತೆಯೂ ಇಲ್ಲ, ಯಾಕೆಂದರೆ ಮೊಳೆಯೇ ಇಲ್ಲ. ನಾನು ಕಂಪ್ಯೂಟರಿನಲ್ಲಿ ಮಾಡಿದ್ದನ್ನ ನೆಗೆಟಿವ್ ತೆಗೆದು, ಪಾಲಿಮರ್ ಪ್ಲೇಟಿನ ಮೇಲಿಟ್ಟು ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟು, ನೀರಲ್ಲಿ ತೊಳೆದರೆ ಅಕ್ಷರ ಮಾತ್ರ ಎದ್ದು ನಿಲ್ಲತ್ತೆ. ಅದನ್ನ ಹಳೇ ಮೆಷಿನ್ನಿಗೆ ಅಂಟಿಸಿ ಗುದ್ದೋದು. ಪ್ಲೇಟು ಹಾಳಾದರೆ ಇನ್ನೊಂದು. ಮೊಳೆ ಇಡೋ ಕೇಸಿನ ಮುಂದೆ ನಿಂತು ನೂರಾರು ಖಾನೆಗಳಿಂದ ಒತ್ತು, ದೀರ್ಘ, ಕೊಂಬು ಹೆಕ್ಕಿ ಸಾಲು ಕಟ್ಟೋ ಸ್ಟಿಕ್ಕಿಗೆ ಜೋಡಿಸೋ ಪಾಡಿಲ್ಲ. ನಿಮ್ಮನೆ ಮೊಳೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಖಾಲಿ ಕೇಸಿನಲ್ಲಿ ಅಮ್ಮ ತರಕಾರಿ ಬೀಜ ಇಟ್ಟಿದ್ದಾರೆ ಅಂದೆಯಲ್ಲ, ಅದನ್ನ ಯಾರಿಗೂ ಹೇಳಬೇಡ. ಇಲ್ಲಿನ ಕೆಫೆಯವರು ಗೋಡೆಗೆ ನೇತುಹಾಕೋಕೆ ಅಂತ ಕಾರು ಮಾಡಿಕೊಂಡು ಸಾಗರಕ್ಕೆ ಬಂದಾರು.

ರಿಸೋಗ್ರಾಫಿನದು ಇನ್ನೂ ಮಜಾ. ಹೆಸರು ಕೇಳಿದರೆ ನಮ್ಮ ಡಿಸೈನರುಗಳು ಕಣ್ಣಿಗೊತ್ತಿಕೊಳ್ತಾರೆ. ಜಪಾನಿನ ಕಂಪನಿಯೊಂದು 1980ರ ದಶಕದಲ್ಲಿ ಆಫೀಸು, ಶಾಲೆಗಳಿಗೆ ಅಗ್ಗವಾಗಿ ಪ್ರತಿ ತೆಗೆಯೋಕೆ ಅಂತ ತಂದ ಯಂತ್ರ ಮಾರಾಯ ಅದು! ಒಳಗಿರೋದು ನಮ್ಮ ಹೈಸ್ಕೂಲಿನ ಸೈಕ್ಲೋಸ್ಟೈಲ್ ವಿದ್ಯೆಯೇ. ತೂತು ಬಿದ್ದ ಸ್ಟೆನ್ಸಿಲ್ಲು, ಅದನ್ನ ಸುತ್ತಿಕೊಂಡ ಡ್ರಮ್ಮು, ತೂತಿನಿಂದ ಜಿನುಗೋ ಇಂಕು. ಒಂದು ಡ್ರಮ್ಮಿಗೆ ಒಂದೇ ಬಣ್ಣ. ಎರಡನೇ ಬಣ್ಣಕ್ಕೆ ಅದೇ ಹಾಳೆ ಮತ್ತೊಮ್ಮೆ ಒಳಗೆ ಹೋದಾಗ ಕೂದಲೆಳೆಯಷ್ಟು ಆಚೀಚೆ ಆಗತ್ತೆ. ಇಂಕು ಪೂರ್ತಿ ಒಣಗೋದೂ ಇಲ್ಲ, ಬೆರಳಿಗೆ ಹತ್ತತ್ತೆ. ಸಮಾಜದ ಮೇಷ್ಟ್ರ ಪ್ರಶ್ನೆಪತ್ರಿಕೆ ಹೀಗೆ ಬೆರಳಿಗೆ ಹತ್ತಿದರೆ ನಾವು ಗೊಣಗ್ತಿದ್ವಿ. ಈಗ ಅದಕ್ಕೆ ಫ್ರೇಮು ಹಾಕಿಸ್ತಾರೆ. ನಾನಂತೂ ಫೈಲಿನಲ್ಲೇ ಕೆಂಪು ಬಣ್ಣವನ್ನ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿಸಿ ಕಳಿಸ್ತೀನಿ. ಮೆಷಿನ್ನು ಅಪ್ಪಿತಪ್ಪಿ ಸರಿಯಾಗಿ ಕೂರಿಸಿಬಿಟ್ಟರೆ ಅನ್ನೋ ಭಯ.

ಇವೆಲ್ಲ ಹುಟ್ಟಿದ್ದು ಹೆಚ್ಚು ಜನಕ್ಕೆ ಮುಟ್ಟಲಿ ಅಂತ. 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕೈಬರಹವನ್ನೇ ಕಲ್ಲಿಗಿಳಿಸಿ ಪ್ರತಿ ತೆಗೆದದ್ದು, ಸೊಗಸಿಗಲ್ಲ, ಸುದ್ದಿ ಹಂಚೋಕೆ. ಕೆತ್ತಿ ಅಚ್ಚು ತೆಗೆಯೋಕೆ ಬಳಸೋ ಲಿನೋಲಿಯಂ ಅನ್ನೋದೂ ಮೂಲದಲ್ಲಿ ನೆಲಕ್ಕೆ ಹಾಸೋ ಸಾಮಾನು. ಅಗಸೆ ಎಣ್ಣೆ, ಕಾರ್ಕಿನ ಪುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ್ದು. ಮರಕ್ಕಿಂತ ಮೆತ್ತಗೆ, ಎಳೆಯ ಅಡ್ಡಿಯಿಲ್ಲ, ಅಗ್ಗ. ಕೋಲು ಹಿಡಿದು ನಡೆಯೋ ಗಾಂಧಿಯನ್ನ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ್ದು ಅದರ ಮೇಲೆಯೇ. ಸುತ್ತ ಬರೀ ಕಪ್ಪು, ನಡುವೆ ಬಿಳಿ ಗೆರೆಯಲ್ಲಿ ಮುದುಕ, ಅಷ್ಟೇ. ಆ ಚಿತ್ರ ದೇಶವೆಲ್ಲ ಸುತ್ತಿತು. ನಾನೀಗ ಅದೇ ಲಿನೋದಲ್ಲಿ ಇಪ್ಪತ್ತೇ ಪ್ರತಿ ತೆಗೆದು, ಕೆಳಗೆ ಪೆನ್ಸಿಲಿನಲ್ಲಿ 7/20 ಅಂತ ಬರೆದು, ಇಪ್ಪತ್ತೊಂದನೆಯವನಿಗೆ ಇಲ್ಲ ಅಂತೀನಿ. ಎಲ್ಲರೂ ಹೀಗೇ ಅಂತಲ್ಲ. ಚೆನ್ನೈನ ಪ್ರಕಾಶನ ಸಂಸ್ಥೆ ತಾರಾ ಬುಕ್ಸ್‌ನವರು ಸಾವಿರಗಟ್ಟಲೆ ಪ್ರತಿಯನ್ನೂ ಜಾಲರಿಯ ಮೂಲಕ ಇಂಕು ಇಳಿಸೋ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಕೈಯಿಂದಲೇ ತೆಗೆಸ್ತಾರೆ. ಮಧ್ಯ ಭಾರತದ ಗೊಂಡ ಬುಡಕಟ್ಟಿನ ಕಲಾವಿದರು ಬಿಡಿಸಿದ ಮರಗಳ ಪುಸ್ತಕ 2006ರಲ್ಲಿ ಅವರೇ ತಂದದ್ದು. ಕಪ್ಪು ಕಾಗದ, ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನು, ಪ್ರತಿ ಸಲವೂ ಇಂಕು ಸವರೋ ಸ್ಕ್ವೀಜಿ ಎಳೆಯೋದು ಒಬ್ಬ ಮನುಷ್ಯ. ಇಲ್ಲಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಗೆ ಮಾಡ್ತಿದ್ದ ಕೆಲಸವೇ ತಾನೇ, ಆದರೆ ಎಷ್ಟು ಅಚ್ಚುಕಟ್ಟು! ನಾನು ಅವರ ಹೆಸರು ಹೇಳಿಕೊಂಡು ನನ್ನ ಇಪ್ಪತ್ತು ಪ್ರತಿ ಮಾರ್ತೀನಿ, ಅದು ಬೇರೆ ಮಾತು.

ಈಗ ಅಸಲು ವಿಷಯಕ್ಕೆ ಬರ್ತೀನಿ. ಮೊನ್ನೆ ಒಂದು ಕಾಫಿ ಕಂಪನಿಯವರು ಬಂದರು. ಪೊಟ್ಟಣದ ಮೇಲೆ ಲಿನೋಕಟ್ ಚಿತ್ರ ಬೇಕು, ಮಂಗಟ್ಟೆ ಹಕ್ಕಿ, ಕಾಫಿ ಗಿಡ. ಹೇಗಿರಬೇಕು ಅಂತ ಒಂದು ಮಾದರಿಯನ್ನೂ ತಂದಿದ್ದರು. ನೋಡಿದೆ, ಚೆನ್ನಾಗಿತ್ತು. ಯಾರ ಕೆಲಸ ಅಂತ ಕೇಳಿದೆ. ಯಾರದ್ದೂ ಅಲ್ಲ, ಎಐ ಹತ್ತಿರ ಹೇಳಿ ಮಾಡಿಸಿದ್ದಂತೆ. ‘ಡಿಟ್ಟೋ ಹೀಗೇ ಬೇಕು ಸಾರ್, ಆದ್ರೆ ಕೈಯಲ್ಲಿ ಕೆತ್ತಿದ್ದಾಗಿರಬೇಕು’ ಅಂದರು.

ಆಮೇಲೆ ಮನೆಗೆ ತಂದು ಭೂತಕನ್ನಡಿ ಹಿಡಿದು ನೋಡಿದೆ. ಲಿನೋದಲ್ಲಿ ಬಿಳಿ ಬೇಕಾದ ಜಾಗವನ್ನ ನಾವು ಉಳಿಯಲ್ಲಿ ತೋಡಿ ತೆಗೀತೀವಲ್ಲ, ಉಳಿ ಓಡಿದ ಎರಡು ಸಾಲುಗಳ ನಡುವೆ ಸಣ್ಣ ದಿಬ್ಬ ಉಳಿದುಬಿಡತ್ತೆ. ರೋಲರ್ ಉರುಳಿಸುವಾಗ ಅದಕ್ಕೂ ಇಂಕು ತಾಗಿ ಹಾಳೆಯಲ್ಲಿ ಚಿಲ್ಲರೆ ಗೆರೆಗಳು ಬೀಳ್ತವೆ. ಗೆರೆಗಳ ದಿಕ್ಕು ನೋಡಿದರೆ ಕೆತ್ತಿದವನ ಕೈ ಎಲ್ಲಿಂದ ಎಲ್ಲಿಗೆ ಹೋಯಿತು, ಹಲಗೆಯನ್ನ ಎಲ್ಲಿ ತಿರುಗಿಸಿದ, ಎಲ್ಲಿ ಬೇಸರ ಬಂತು ಎಲ್ಲ ತಿಳಿಯತ್ತೆ. ಈ ಚಿತ್ರದಲ್ಲೂ ಗೆರೆಗಳಿದ್ದವು, ಧಾರಾಳವಾಗಿ. ಆದರೆ ಯಾವ ಉಳಿಯೂ ಓಡದ ದಿಕ್ಕಿನಲ್ಲಿ. ಕೊಕ್ಕಿನ ಕೆಳಗಿನದು ಮೇಲಕ್ಕೆ ಹೊರಟು ನಡುವೆಯೇ ಮಾಯವಾಗಿ, ಅದರ ಪಕ್ಕದಲ್ಲಿ ಇನ್ನೊಂದು ಅಡ್ಡ ಹುಟ್ಟಿತ್ತು. ಇದನ್ನ ಗಿರಾಕಿಗೆ ತೋರಿಸಿದೆ. ‘ಹೌದಾ? ಅದೇ ಸಾರ್ ಚೆನ್ನಾಗಿರೋದು, ಅದೂ ಇರಲಿ’ ಅಂದರು.

ಇರಲಿ ಅಂದಮೇಲೆ ಇರಲೇಬೇಕಲ್ಲ. ಬಾಲ್ಕನಿ ಬಿಸಿಲಲ್ಲಿ ಲಿನೋ ಇಟ್ಟು ಮೆತ್ತಗೆ ಮಾಡಿಕೊಂಡೆ, ಚಿತ್ರವನ್ನ ಉಲ್ಟಾ ಇಳಿಸಿಕೊಂಡೆ, ಕೆತ್ತಿದೆ. ಕೈ ತಾನಾಗಿ ಬಿಡೋ ದಿಬ್ಬಗಳನ್ನೆಲ್ಲ ಕೆರೆದು ನುಣ್ಣಗೆ ಮಾಡಿ, ಅವುಗಳ ಜಾಗದಲ್ಲಿ ಯಂತ್ರ ಊಹಿಸಿಕೊಂಡ ದಿಬ್ಬಗಳನ್ನ ಒಂದೊಂದಾಗಿ ಸುತ್ತ ತೋಡಿ ಎಬ್ಬಿಸಿದೆ. ಸಟ್ಟುಗದ ಬೆನ್ನಲ್ಲಿ ಉಜ್ಜಿ ಅಚ್ಚು ತೆಗೆದೆ, ಸ್ಕ್ಯಾನ್ ಮಾಡಿ ಕಳಿಸಿದೆ. ಪೊಟ್ಟಣ ಲಕ್ಷಗಟ್ಟಲೆ ಅಚ್ಚಾಗೋದು ಹೇಗೂ ದೊಡ್ಡ ಮೆಷಿನ್ನಿನಲ್ಲಿ. ಅದರ ಮೇಲೆ ‘ಕೈಯಿಂದ ಕೆತ್ತಿದ ಚಿತ್ರ’ ಅಂತಿದೆ. ಸುಳ್ಳಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಎಐ ಬಗ್ಗೆ ನಾಲ್ಕು ಬೈಗುಳ ಹಾಕಿ ಕೈಕಸುಬಿನ ಪರ ಚಪ್ಪಾಳೆ ಗಿಟ್ಟಿಸಬಹುದಿತ್ತು. ಕಷ್ಟ ಏನಂದರೆ, ಆ ಕೆಲಸ ಮಾಡುವಾಗ ನಾನು ಸುಖವಾಗಿದ್ದೆ. ನನ್ನ ಸ್ವಂತ ಚಿತ್ರ ಕೆತ್ತುವಾಗ ಇಲ್ಲದಷ್ಟು ಸುಖ. ಇನ್ನೇನು ಬಿಡಿಸಲಿ, ಯಾಕೆ ಬಿಡಿಸಲಿ, ಇದು ಈಗಾಗಲೇ ಯಾರೋ ಮಾಡಿದ್ದಲ್ಲವೇ, ಯಾವುದೂ ಇಲ್ಲ. ಹೇಳಿದ ಗೆರೆ, ಹೇಳಿದ ಜಾಗ. ಸಂಜೆ ಆದದ್ದೇ ತಿಳಿಯಲಿಲ್ಲ. ಅದೂ ಅಲ್ಲದೆ ಆ ಮಂಗಟ್ಟೆ ನಾನು ಬಿಡಿಸೋದಕ್ಕಿಂತ ಚೆನ್ನಾಗಿತ್ತು ಕಣೋ. ಕತ್ತು ತಿರುಗಿಸಿದ ರೀತಿ, ರೆಕ್ಕೆಯ ಕಪ್ಪು. ನನಗೆ ಹೊಟ್ಟೆಕಿಚ್ಚು ಬಂತು, ಹೊಟ್ಟೆಕಿಚ್ಚು ಪಡೋಕೆ ಎದುರಿಗೆ ಒಬ್ಬ ಮನುಷ್ಯನೂ ಇರಲಿಲ್ಲ.

ಆ ರಾತ್ರಿ ನಿಮ್ಮ ಅಪ್ಪಯ್ಯನ ಬಗ್ಗೆ ಯೋಚಿಸಿದೆ. ಅವರೂ ಇನ್ನೊಬ್ಬರು ಬರೆದದ್ದನ್ನೇ ಜೋಡಿಸಿದವರು. ಅಡಿಕೆ ಮಂಡಿಯ ರಸೀದಿ, ಯಕ್ಷಗಾನದ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು. ಏನು ಹೇಳಬೇಕು ಅನ್ನೋದು ಅವರ ತಲೆಬಿಸಿ ಆಗಿರಲೇ ಇಲ್ಲ. ಹಾಗಾದರೆ ನಾನೂ ಅದೇ ಜಾತಿಯ ಕಸುಬುದಾರ ಅಂತ ಸಮಾಧಾನ ಮಾಡಿಕೊಳ್ಳೋಣ ಅಂತಿದ್ದೆ. ಆಗೋದಿಲ್ಲ. ಅವರು ಕಾಣಿಸಿಕೊಳ್ಳದೆ ಇರೋಕೆ ಒದ್ದಾಡಿದರು. ನನಗೆ ಕಾಣಿಸಿಕೊಳ್ಳೋದೇ ಬೇಕು. ನೀನು ಹೆಬ್ಬೆಟ್ಟು ಒತ್ತಿದ ಆ ಲಿನೋ ವಿಡಿಯೋ ಇದೆಯಲ್ಲ, ಕಿಟಕಿ ಬೆಳಕು, ಉಗುರಿನ ಸಂದಿಯಲ್ಲಿ ಕಪ್ಪು ಇಂಕು? ಅಚ್ಚು ತೆಗೆಯೋ ಕೆಲಸ ಮುಗಿದು, ಸೀಮೆಎಣ್ಣೆ, ಸೋಪು ಹಾಕಿ ಕೈ ತೊಳೆದು, ಊಟವೂ ಆಗಿತ್ತು. ವಿಡಿಯೋ ತೆಗೆಯೋಕೆ ಮತ್ತೆ ಇಂಕು ಹಚ್ಚಿಕೊಂಡೆ. ಉಗುರಿಗೆ ಬ್ರಷ್ಷಿನಲ್ಲಿ. ನಮ್ಮನೆಯವಳು ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಇಷ್ಟೆಲ್ಲ ಬರೆಯೋ ಅಂದಾಜಿರಲಿಲ್ಲ. ಅಳಿಸೋಣ ಅಂದರೆ ಪಾಲಿಮರ್ ಪ್ಲೇಟಿನ ಕಾಲದಲ್ಲೂ ನನಗೆ ಡಿಲೀಟ್ ಒತ್ತೋಕೆ ಮನಸ್ಸು ಬರಲ್ಲ, ನಿನಗೆ ಗೊತ್ತಲ್ಲ. ಓದ್ತಾ ಇರೋ ಮಿಕ್ಕವರು ಇದನ್ನ ಕಲಾವಿದನ ಅಂತರಂಗ ಅಂತ ತಿಳಿದು ಗಂಭೀರ ಮುಖ ಮಾಡಬೇಡಿ. ನನ್ನ ದರಪಟ್ಟಿ ಬದಲಾಗಿಲ್ಲ. ಬೇಕಾದರೆ ಕೈಯಲ್ಲಿ ತಪ್ಪು ಮಾಡಿಕೊಡೋದಕ್ಕೆ ಬೇರೆ ದರ ಅಂತ ಇನ್ನೊಂದು ಸಾಲು ಸೇರಿಸ್ತೀನಿ.

ದೀಪಾವಳಿಗೆ ಬರ್ತೀನಿ. ಅಪ್ಪಯ್ಯನಿಗೆ ಆ ಕಾರ್ಡು ತೋರಿಸೋ ಧೈರ್ಯ ಇಲ್ಲ, ನೀನೇ ಯಾವಾಗಾದರೂ ಮಗುಚಿ ಕೊಟ್ಟು ನೋಡು. ಮತ್ತೆ ಪಾಪುವಿನ ನಾಮಕರಣದ ಕಾರ್ಡು ನಾನೇ ಮಾಡೋದು, ಬೇರೆಯವರಿಗೆ ಕೊಟ್ಟರೆ ವೀರಭದ್ರ ಪ್ರಸನ್ನ ಹೊರಗೆ ಬರತ್ತೆ. ಲಿನೋದಲ್ಲೇ, ಅಕ್ಷರ ಸಮೇತ. ಒಂದೇ ವಿನಂತಿ, ಹೆಸರು ಇಡುವಾಗ ನನ್ನ ಹೆಬ್ಬೆರಳು ನೆನಪಿರಲಿ. ಉಲ್ಟಾ ಕೆತ್ತಬೇಕು. ಉಮಾ ಅಂತಿಡು, ರಮಾ ಅಂತಿಡು, ಚಿನ್ನದಂಥ ಹೆಸರು. ಜ್ಯೋತ್ಸ್ನಾ ಅಂತೇನಾದರೂ ನಿನ್ನ ಹೆಂಡತಿ ಹಟ ಹಿಡಿದರೆ ಹೇಳಿಬಿಡು, ಆಫ್‌ಸೆಟ್‌ಗೆ ಕೊಡೋಣ.

ನಿನ್ನ,
ಡಬ್ಬಲ್ ಕಾಲಂ